ಗಮ್‌ಬೂಟಿನ ಒಡಪುಗಳು

ನಮ್ಮ ಮನೆಗೆ ಎರಡು ಬಾಗಿಲು. ಮುಂದಿನದು ಬಾಗಿಲೇನಲ್ಲ, ಹೋಟೆಲಿನ ಶಟರು. ಬೆಳಗಿನ ಲೋಕಲ್ ರೈಲು ಹಿಡಿಯುವವರು ಇಡ್ಲಿ ನುಂಗಿ ಓಡಲಿ ಎಂದು, ಮುಂಬಯಿ ಪಕ್ಕದ ನಮ್ಮ ಶಹಾಡ್ ಏಳುವ ಮೊದಲೇ ಅಪ್ಪ ಅದನ್ನು ಗಡಗಡ ಎಂದು ಮೇಲೆತ್ತುತ್ತಿದ್ದ. ಹಿಂದಿನದು ನಿಜವಾದ ಬಾಗಿಲು, ಮರದ್ದು, ಮಳೆಗಾಲದಲ್ಲಿ ಊದಿಕೊಂಡು ಅಮ್ಮನ ಭುಜದ ಪೆಟ್ಟು ತಿಂದರೆ ಮಾತ್ರ ತೆರೆಯುವಂಥದ್ದು. ಅದರಾಚೆ ಒಂದು ನಲ್ಲಿ, ಒಂದು ಒಗೆಯುವ ಕಲ್ಲು, ಆಮೇಲೆ ಉಲ್ಹಾಸ್ ನದಿಯವರೆಗೆ ಸೊಪ್ಪಿನ ಹೊಲ: ಮೆಂತೆ, ಪಾಲಕ್, ಕೊತ್ತಂಬರಿ, ಕೆಂಪು ಹರಿವೆ. ಎರಡು ಬಾಗಿಲುಗಳ ನಡುವೆ ಎರಡು ಕೋಣೆಗಳಿದ್ದವು. ಅದರಲ್ಲಿ ಮೊದಲನೆಯದು ಹೋಟೆಲಿಗೆ ಸೇರಿದ್ದೋ ಮನೆಗೆ ಸೇರಿದ್ದೋ ಎಂಬ ವ್ಯಾಜ್ಯ ನಾನು ಮದುವೆಯಾಗಿ ಐರೋಲಿಗೆ ಹೋಗುವವರೆಗೂ ತೀರ್ಮಾನವಾಗಲಿಲ್ಲ. ಅಕ್ಕಿಯ ಮೂಟೆ, ಎಣ್ಣೆ ಡಬ್ಬ, ರುಬ್ಬುವ ಯಂತ್ರ, ದೇವರ ಹಲಗೆ, ಅಜ್ಜಿಯ ಮಂಚ ಎಲ್ಲ ಅಲ್ಲೇ ಒಂದಕ್ಕೊಂದು ಮೈ ತಾಗಿಸಿಕೊಂಡು ಇದ್ದವು. ಯಂತ್ರ ತಿರುಗುತ್ತಿದ್ದರೆ ನನಗೆ ಗಾಢ ನಿದ್ರೆ, ನಿಂತರೆ ಎಚ್ಚರ. ಈಗಲೂ ಪೂರಾ ನಿಶ್ಶಬ್ದವಿರುವ ಮನೆಯಲ್ಲಿ ಮಲಗಿದರೆ ಹಿಟ್ಟು ಅರ್ಧಕ್ಕೇ ನಿಂತಿತೇನೋ ಎಂದು ದಿಗಿಲಾಗುತ್ತದೆ.

ಹೋಟೆಲಿನವರ ಮಕ್ಕಳು ಚೆನ್ನಾಗಿ ತಿಂದು ಬೆಳೆಯುತ್ತಾರೆಂದು ಜನ ತಿಳಿದಿದ್ದಾರೆ. ಅದು ಶುದ್ಧ ಸುಳ್ಳು. ಬೆಳಿಗ್ಗೆ ಗಿರಾಕಿ ಬಿಟ್ಟ ಉಪ್ಪಿಟ್ಟು ಮಧ್ಯಾಹ್ನ ನಮಗೆ, ಮಧ್ಯಾಹ್ನದ ಸಾರು ಸಂಜೆ ನಮಗೆ. ಬಿಸಿ ದೋಸೆ ಬೇಕೆಂದರೆ ಅಪ್ಪ 'ಗಿರಾಕಿಯಾಗಿ ಬಾ' ಎನ್ನುತ್ತಿದ್ದ, ತಮಾಷೆಗೆ ಅಲ್ಲ. ಮನೆಯಲ್ಲಿ ದೊಡ್ಡವರು ತಮ್ಮತಮ್ಮಲ್ಲಿ ತುಳು ಆಡುತ್ತಿದ್ದರು, ನನ್ನ ಹತ್ತಿರ ಉಡುಪಿಯ ಕನ್ನಡ, ನಾನು ಉತ್ತರ ಕೊಡುತ್ತಿದ್ದುದು ಮರಾಠಿಯಲ್ಲಿ, ಯಾಕೆಂದರೆ ಶಾಲೆ ಮರಾಠಿಯದು. ಮುಂದಿನ ಶಟರಿನಲ್ಲಿ ಹಿಂದಿ. ಹಿಂದಿನ ಬಾಗಿಲಿನಲ್ಲಿ ಮಾತ್ರ ಬೇರೆಯೇ ಒಂದು ಕನ್ನಡ ಬಂದು ನಿಲ್ಲುತ್ತಿತ್ತು, ವಿಜಯಪುರದ ಕಡೆಯದು. ಸೊಪ್ಪು ಕೊಯ್ಯುವ ಹೆಂಗಸರ ಕನ್ನಡ ಅದು. ಹೊಲದಲ್ಲಿ ಕುಡಿಯುವ ನೀರು ಇರಲಿಲ್ಲವಾದ್ದರಿಂದ ಅವರು ನಮ್ಮ ನಲ್ಲಿಗೆ ಬರುತ್ತಿದ್ದರು, ಬರುವಾಗ ಅಮ್ಮನಿಗೆ ಒಂದು ಹಿಡಿ ಕೊತ್ತಂಬರಿ ತರುತ್ತಿದ್ದರು, ಅಮ್ಮ ಮಿಕ್ಕ ಇಡ್ಲಿಗೆ ಚಟ್ನಿ ಸುರಿದು ಕೊಡುತ್ತಿದ್ದಳು. ನಮಗೆ ಬರಬೇಕಾದ ಇಡ್ಲಿ ಹೀಗೆ ಹಿಂಬಾಗಿಲಿನಿಂದ ಹೋಗುವುದನ್ನು ನಾನು ಸಂತೋಷದಿಂದಲೇ ನೋಡುತ್ತಿದ್ದೆ.

ಅವರಲ್ಲಿ ಹಿರಿಯಳು ಶಾಂತವ್ವ. ಗಂಡ ಸತ್ತ ಮೇಲೆ ಊರು ಬಿಟ್ಟು ಬಂದವಳು. ಗಟ್ಟಿ ದನಿ, ಗಟ್ಟಿ ಮೈ, ಕೈಯಲ್ಲಿ ಯಾವಾಗಲೂ ಕುಡಗೋಲು. ನಮ್ಮಮ್ಮನನ್ನು 'ಅಕ್ಕಾರ' ಎನ್ನುತ್ತಿದ್ದಳು, ವಯಸ್ಸಿನಲ್ಲಿ ತಾನೇ ದೊಡ್ಡವಳಾದರೂ. ಕಿರಿಯಳು ಕಾಶಿ, ನಕ್ಕರೆ ಇಡೀ ಹೊಲಕ್ಕೆ ಕೇಳುತ್ತಿತ್ತು. ಉಳಿದವರ ಹೆಸರುಗಳೆಲ್ಲ ನನಗೆ ಗೊತ್ತಿದ್ದವು, ಆದರೆ ಈ ಕಥೆಗೆ ಇವರಿಬ್ಬರು ಸಾಕು. ಕೊಯ್ದ ಸೊಪ್ಪನ್ನು ಕಟ್ಟು ಕಟ್ಟಿ, ನಾಲೆಯ ನೀರಿನಲ್ಲಿ ಮೊಣಕಾಲವರೆಗೆ ನಿಂತು ತೊಳೆದು, ಕಲ್ಯಾಣದ ಮಾರ್ಕೆಟ್ಟಿಗೆ ಹೋಗುವ ಟೆಂಪೋಗೆ ಏರಿಸುವುದು ಅವರ ಕೆಲಸ. ಆ ನಾಲೆಯ ನೀರು ಎಲ್ಲಿಂದ ಬರುತ್ತದೆಂದು ಕೇಳಬಾರದು. ಸುತ್ತ ಇದ್ದದ್ದು ಕಾರ್ಖಾನೆಗಳು. ಅವರ ಪಾದಗಳಲ್ಲಿ ಬಿರುಕು ಬಿಟ್ಟು, ಬೆರಳ ಸಂದಿ ಬೆಳ್ಳಗಾಗಿ, ಕೆಲವೊಮ್ಮೆ ನಮ್ಮ ಒಗೆಯುವ ಕಲ್ಲಿನ ಮೇಲೆ ರಕ್ತದ ಹೆಜ್ಜೆ ಉಳಿಯುತ್ತಿತ್ತು. ಅಜ್ಜಿ ಅದನ್ನು ನೋಡಿ ಒಂದು ದಿನ ಹೇಳಿದಳು:

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಇವ್ರದ್ದು ಕೈಯೂ ಕೆಸರು, ಕಾಲೂ ಕೆಸರು. ಮೊಸರು ಮಾತ್ರ ಬೇರೆಯವರ ಮನೆಯಲ್ಲಿ ಉಂಟು."

ಆ ಬೇರೆಯವರು ಯಾರೆಂದರೆ ಬಬನ್‌ಶೇಟ್. ಹೊಲ ಅವನದು. ನಮ್ಮ ಹೋಟೆಲು ಮತ್ತು ಎರಡು ಕೋಣೆಗಳೂ ಅವನದೇ, ನಾವು ಬಾಡಿಗೆಗೆ ಇದ್ದವರು. ಕಥೆಯಲ್ಲಿ ಬರುವ ಜಮೀನ್ದಾರರ ಹಾಗೆ ಮೀಸೆ ತಿರುವುವವನೇನಲ್ಲ. ದಿನವೂ ನಮ್ಮ ಮೊದಲ ಮೇಜಿನಲ್ಲಿ ಕೂತು ಚಹಾವನ್ನು ಸಾಸರಿಗೆ ಸುರಿದು ಸುರ್‌ರ್ ಎಂದು ಕುಡಿದು, ನನ್ನ ಜಡೆ ಎಳೆದು, ಎಲ್ಲರ ಜೊತೆ ನಗುನಗುತ್ತ ಇರುತ್ತಿದ್ದ ಮನುಷ್ಯ. ಕೂಲಿಯ ಮಾತು ಬಂದರೆ ಮಾತ್ರ ಅವನ ನಗು ಹಾಗೇ ಇದ್ದು ಕಣ್ಣು ಬೇರೆಯಾಗುತ್ತಿತ್ತು. ಯಾರಾದರೂ ಒಬ್ಬಳು ಹೋಗಿ ಕೂಲಿ ಜಾಸ್ತಿ ಮಾಡಿ, ನೀರಿಗಿಳಿಯಲು ರಬ್ಬರಿನ ಗಮ್‌ಬೂಟು ಕೊಡಿ ಎಂದರೆ ಅವನ ಉತ್ತರ ಒಂದೇ: 'ಉದ್ಯಾ ಯೇವೂ ನಕೋಸ್', ನಾಳೆಯಿಂದ ಬರಬೇಡ. ಕಾಶಿಯ ಅಕ್ಕನಿಗೆ ಹೀಗೇ ಆಗಿತ್ತು. ಅವಳು ಗುಡಿಸಲು ಬಿಚ್ಚಿಕೊಂಡು ಊರಿಗೆ ಹೋದಳು, ಯಾಕೆಂದರೆ ಗುಡಿಸಲೂ ಅವನ ಜಾಗದಲ್ಲೇ ಇತ್ತು.

ಒಬ್ಬಳೇ ಕೇಳಿದರೆ ಒಬ್ಬಳನ್ನು ತೆಗೆಯುತ್ತಾನೆ, ಎಲ್ಲರೂ ಒಟ್ಟಿಗೆ ಕೇಳಿದರೆ ಎಲ್ಲರನ್ನೂ ತೆಗೆಯಲಾರ, ಸೊಪ್ಪು ಬಾಡುತ್ತದೆ. ಇಷ್ಟು ಲೆಕ್ಕ ಶಾಂತವ್ವನಿಗೆ ಗೊತ್ತಿತ್ತು. ಆದರೆ ಒಟ್ಟಿಗೆ ಕೂತು ಮಾತಾಡುವುದೆಲ್ಲಿ? ಹೊಲದಲ್ಲಿ ಅವನ ಕಣ್ಣು, ಗುಡಿಸಲಿನಲ್ಲಿ ಅವನ ಕಿವಿ. ಒಂದು ಮಧ್ಯಾಹ್ನ ನಲ್ಲಿಯ ಹತ್ತಿರ ಅವಳು ಇದನ್ನು ಅಮ್ಮನಿಗೆ ಹೇಳಿದಳು, ಅಮ್ಮ ಕಡಲೆಬೇಳೆ ತೊಳೆಯುತ್ತಲೇ ಕೇಳಿದಳು, ಬೇಳೆ ತೊಳೆದು ಮುಗಿಯುವುದರೊಳಗೆ ಉಪಾಯವೂ ತಯಾರಾಗಿತ್ತು. ಸಂಕ್ರಾಂತಿ ಹತ್ತಿರವಿತ್ತು. ಈ ಕಡೆ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಮನೆಮನೆಯಲ್ಲೂ ಹಳದಿ-ಕುಂಕು: ಹೆಂಗಸರು ಹೆಂಗಸರನ್ನು ಕರೆದು ಅರಿಸಿನ ಕುಂಕುಮ ಹಚ್ಚಿ, ಎಳ್ಳುಂಡೆ ಕೊಟ್ಟು, ಒಂದು ಸಣ್ಣ ಉಡುಗೊರೆ ಕೈಯಲ್ಲಿಟ್ಟು ಕಳಿಸುತ್ತಾರೆ. ಗಂಡಸರಿಗೆ ಅಲ್ಲಿ ಪ್ರವೇಶವಿಲ್ಲ, ಯಾವ ಶೇಟನೂ ಬೇಡ ಎನ್ನಲಾರ. ನಾವು ಉಡುಪಿಯವರು, ಅದುವರೆಗೆ ಆ ಹಬ್ಬವನ್ನು ಮಾಡಿದವರೇ ಅಲ್ಲ. ಆದರೆ ಅಮ್ಮನಿಗೆ ಅದೇನು ದೊಡ್ಡ ತೊಡಕಾಗಿ ಕಾಣಲಿಲ್ಲ.

ಅಪ್ಪನಿಗೆ ಕಂಡಿತು. ನಮ್ಮ ಮನೆಯ ಜಗಳಗಳು ನೇರವಾಗಿ ನಡೆಯುತ್ತಿರಲಿಲ್ಲ, ಅಜ್ಜಿಯ ಮಂಚದ ಮೂಲಕ ಹಾದುಹೋಗುತ್ತಿದ್ದವು. ಅಪ್ಪ ಒಂದು ಕಡೆ, ಅಮ್ಮ ಇನ್ನೊಂದು ಕಡೆ, ನಡುವೆ ಅಜ್ಜಿ, ಟಪಾಲು ಕಚೇರಿಯ ಹಾಗೆ.

"ಅಮ್ಮಾ, ನಿನ್ನ ಸೊಸೆಗೆ ಹೇಳು. ಈ ಜಾಗ ಬಬನ್‌ಶೇಟ್‌ದು. ಅವನಿಗೆ ಗೊತ್ತಾದ್ರೆ ನಾಳೆ ನಾವು ಪಾತ್ರೆ ಪಗಡೆ ಹೊತ್ಕೊಂಡು ಸ್ಟೇಶನ್‌ನಲ್ಲಿ ಕೂತ್ಕೊಳ್ಬೇಕು."

"ಅತ್ತೆ, ನಿಮ್ಮ ಮಗನಿಗೆ ಹೇಳಿ. ಅರಿಸಿನ ಕುಂಕುಮಕ್ಕೆ ಕರೆದ್ರೆ ಯಾರೂ ಮನೆ ಖಾಲಿ ಮಾಡಿಸುದಿಲ್ಲ. ಮತ್ತೆ ಅವ್ರು ದಿನಾ ತರುವ ಕೊತ್ತಂಬರಿ ಚಟ್ನಿಗೆ ಹಾಕುವಾಗ ಅವ್ರ ಕಾಲು ನೆನಪಾಗುದಿಲ್ವಾ ಅಂತ ಕೇಳಿ."

ಅಜ್ಜಿ ಎರಡನ್ನೂ ತಲುಪಿಸುತ್ತಿದ್ದಳು, ತನಗೆ ಬೇಕಾದ ಹಾಗೆ ತಿದ್ದಿ. ಅಪ್ಪನಿಗೆ ಅವಳು ತಲುಪಿಸಿದ್ದು ಇಷ್ಟು:

"ನಿನ್ನ ಹೆಂಡತಿ ಹೇಳ್ತಾಳೆ, ನೀನು ಹೆದರುಪುಕ್ಕಲ ಅಂತ. ನಾನು ಹೌದು ಅಂದೆ."

ಹೆದರಿಕೆಗೆ ಕಾರಣವಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಅಪ್ಪ ಹದಿಹರೆಯದಲ್ಲೇ ಈ ಕಡೆ ಬಂದು, ಬೇರೆಯವರ ಹೋಟೆಲುಗಳಲ್ಲಿ ಲೋಟ ತೊಳೆದು, ಮೇಜು ಒರೆಸಿ, ಕೊನೆಗೆ ಈ ಒಂದು ಶಟರನ್ನು ತನ್ನದು ಎನ್ನುವಷ್ಟಕ್ಕೆ ತಲುಪಿದ್ದ. ಬಬನ್‌ಶೇಟ್‌ನ ಒಂದು ಮಾತಿಗೆ ಅದು ಕೆಳಗಿಳಿಯಬಹುದಿತ್ತು. ಆದರೂ ಅವನು ಬೇಡವೆಂದು ಖಡಾಖಂಡಿತ ಹೇಳಲಿಲ್ಲ. ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ತಾನೇ ಬಿಳಿ ಎಳ್ಳು ತಂದು ಮಂಚದ ಮೇಲಿಟ್ಟು, ಏನೂ ಆಗದವನ ಹಾಗೆ ಗಲ್ಲಾದ ಮೇಲೆ ಹೋಗಿ ಕೂತ. ಅಪ್ಪ ಸೋಲುವ ರೀತಿಯೇ ಅದು. ನನಗೆ ಅವನ ಮೇಲೆ ಅತಿ ಹೆಚ್ಚು ಪ್ರೀತಿ ಬರುತ್ತಿದ್ದುದೂ ಅಂಥ ಹೊತ್ತಿನಲ್ಲಿ.

ಊಟದ ಗಿರಾಕಿ ಮುಗಿದು ಸಂಜೆಯ ಗಿರಾಕಿ ಬಾರದ ಹೊತ್ತಿಗೆ ಸಮಾರಂಭ. ಮೂಟೆಗಳನ್ನು ಗೋಡೆಗೆ ಒತ್ತರಿಸಿ, ಯಂತ್ರಕ್ಕೆ ಅಮ್ಮನ ಹಳೆಯ ಸೀರೆ ಹೊದಿಸಿ, ಕೋಣೆಯನ್ನು ಆದಷ್ಟು ಮನೆಯ ಹಾಗೆ ಮಾಡಿದೆವು. ಹೆಂಗಸರು ನಲ್ಲಿಯಲ್ಲಿ ಕೈಕಾಲು ತೊಳೆದು, ಪೆಟ್ಟಿಗೆಯಿಂದ ತೆಗೆದ ಸೀರೆಯುಟ್ಟು, ಹಿಂಬಾಗಿಲಿನಿಂದ ಒಬ್ಬೊಬ್ಬರೇ ಬಂದರು. ದಿನಾ ನೋಡುವವರೇ, ಆದರೆ ಮಡಿಕೆ ಬಿಡದ ಸೀರೆಯಲ್ಲಿ ಅವರನ್ನು ನೋಡಿ ನನಗೆ ನಾಚಿಕೆಯಾಗಿ 'ಬನ್ನಿ' ಎನ್ನುವುದಕ್ಕೂ ಬಾಯಿ ಬರಲಿಲ್ಲ. ಉಡುಗೊರೆಗೆಂದು ಅಮ್ಮ ಊರಿನ ತೆಂಗಿನೆಣ್ಣೆಯನ್ನು ಸಣ್ಣ ಸಣ್ಣ ಡಬ್ಬಿಗಳಲ್ಲಿ ತುಂಬಿಟ್ಟಿದ್ದಳು, ಬಿರುಕು ಬಿಟ್ಟ ಹಿಮ್ಮಡಿಗೆ ಹಚ್ಚಲಿಕ್ಕೆ. ಎಲ್ಲ ಸರಿಯಾಗಿತ್ತು, ಒಂದನ್ನು ಬಿಟ್ಟು. ಕೊನೆಯಲ್ಲಿ ಬಂದ ಶಾಂತವ್ವ ಹೊಸ್ತಿಲಲ್ಲೇ ನಿಂತಳು.

"ನಾ ಒಳಗ ಬರಾಂಗಿಲ್ಲರಿ ಅಕ್ಕಾರ. ಮುತ್ತೈದೇರ ಕಾರ್ಯೇವ ಐತಿ. ನಾ ಅಡಗಿ ಮನ್ಯಾಗ ಅಜ್ಜಿಯಾರ ಜೋಡಿ ಕುಂಡ್ರತೀನಿ, ಅಲ್ಲಿಂದನ ಕೇಳಸ್ತೈತಿ."

ಅಮ್ಮನಿಗೆ ಆಗ ಹೊಳೆಯಿತು. ಇಡೀ ಉಪಾಯ ಯಾರಿಗಾಗಿ ಮಾಡಿದ್ದೋ ಅವಳನ್ನೇ ಹೊರಗಿಡುವ ಹಬ್ಬವನ್ನು ಆರಿಸಿಕೊಂಡಿದ್ದಳು. ನಮ್ಮ ಅಜ್ಜಿಯೂ ವಿಧವೆಯೇ; ಬೆಳಿಗ್ಗೆಯಿಂದ ಒಬ್ಬರೂ ಹೇಳದಿದ್ದರೂ ತಾನಾಗಿ ಮಂಚ ಬಿಟ್ಟು ಅಡುಗೆಮನೆಗೆ ಹೋಗಿ ಕೂತಿದ್ದಳು. ಅಮ್ಮ ಏನೋ ಹೇಳಬೇಕೆನ್ನುವಷ್ಟರಲ್ಲಿ ಅಜ್ಜಿಯೇ ಒಳಗಿನಿಂದ ಕೂಗಿದಳು:

"ಬಾ ಮಾರಾಯ್ತಿ ಇತ್ತ. ಆ ಕಡೆ ಕುಂಕುಮ ಹಂಚ್ಲಿ. ಎಳ್ಳುಂಡೆ ನಮ್ಮ ಕೈಯಲ್ಲಿ ಉಂಟು."

ಇನ್ನೇನು ಮಾತು ಶುರುವಾಗಬೇಕು, ಆಗ ಮುಂದಿನಿಂದ ಅಪ್ಪನ ದನಿ ಕೇಳಿತು. ಹೋಟೆಲಿನವನ ಬಾಯಿ ಅದು, ಇಪ್ಪತ್ತು ವರ್ಷದಿಂದ ದಾರಿಯಲ್ಲಿ ಹೋಗುವವರನ್ನೆಲ್ಲ ಬನ್ನಿ ಬನ್ನಿ ಎಂದು ಕರೆದ ಬಾಯಿ. ಬಬನ್‌ಶೇಟ್‌ನ ಹೆಂಡತಿ ಶಾಲಿನಿವಹಿನಿ, ಎಲ್ಲರ ಬಾಯಲ್ಲೂ ವಹಿನಿ ಅಂದರೆ ಅತ್ತಿಗೆ, ರೇಶ್ಮೆ ಸೀರೆಯುಟ್ಟು, ಬೇರೆ ಯಾರದೋ ಮನೆಯ ಹಳದಿ-ಕುಂಕು ಮುಗಿಸಿ ನಮ್ಮ ಶಟರಿನ ಮುಂದೆ ಹೋಗುತ್ತಿದ್ದಳು. ಅವಳನ್ನು ಕಂಡ ಅಪ್ಪನ ಬುದ್ಧಿ ಏಳುವ ಮೊದಲೇ ನಾಲಿಗೆ ಎದ್ದಿತ್ತು:

"ಯಾ ಯಾ ವಹಿನಿ! ಆಮಚ್ಯಾಕಡೇ ಪಣ್ ಹಳದಿ-ಕುಂಕು ಆಹೇ!"

ನಮ್ಮಲ್ಲೂ ಇದೆ, ಬನ್ನಿ ಎಂದುಬಿಟ್ಟ. ಹೇಳಿದ ಮೇಲೆ ತನ್ನ ಬಾಯಿಯನ್ನು ತಾನೇ ಕೈಯಿಂದ ಮುಚ್ಚಿಕೊಂಡನಂತೆ, ಆದರೆ ಮುತ್ತು ಒಡೆದ ಮೇಲೆ ಏನು ಪ್ರಯೋಜನ. ಹಳದಿ-ಕುಂಕಿಗೆ ಕರೆದರೆ ಯಾವ ಮುತ್ತೈದೆಯೂ ಇಲ್ಲವೆನ್ನುವುದಿಲ್ಲ. ವಹಿನಿ ನೇರ ಒಳಗೆ ಬಂದು, ಅಜ್ಜಿಯ ಮಂಚದ ಮೇಲೆ ಬಳೆ ಸದ್ದು ಮಾಡುತ್ತ ಕೂತಳು. ತನ್ನ ಹೊಲದ ಹೆಂಗಸರೆಲ್ಲ ಗೋಡೆಗೆ ಒರಗಿ ಕೂತದ್ದನ್ನು ನೋಡಿ ಮೊದಲು ಆಶ್ಚರ್ಯಪಟ್ಟು, ಆಮೇಲೆ ಖುಷಿಯಾದಳು. ಅವಳು ಸ್ವಭಾವತಃ ಖುಷಿಯ ಹೆಂಗಸು. ಅಮ್ಮ ಗಡಿಬಿಡಿಯಲ್ಲಿ ವಹಿನಿಗೆ ಕುಂಕುಮ ಹಚ್ಚಿದಳು, ಅದು ಹಣೆಯಿಂದ ಮೂಗಿನವರೆಗೆ ಉದುರಿತು. ಮೂಗಿನ ಮೇಲೆ ಕುಂಕುಮ ಬಿದ್ದರೆ ಗಂಡನಿಗೆ ಪ್ರೀತಿ ಜಾಸ್ತಿ ಎಂದು ವಹಿನಿ ನಕ್ಕಳು. ಆಮೇಲೆ ಕೈ ತಟ್ಟಿ ಅಪ್ಪಣೆ ಕೊಡಿಸಿದಳು:

"ಚಲಾ, ಆತಾ ನಾವ್ ಘ್ಯಾ! ಉಖಾಣೇ ವ್ಹಾಯಲಾ ಪಾಹಿಜೇತ್!"

ಈಗ ಹೆಸರು ಹೇಳಿ, ಉಖಾಣೆ ಆಗಲೇಬೇಕು ಎಂದು. ಗಂಡನ ಹೆಸರನ್ನು ಪ್ರಾಸದ ಎರಡು ಸಾಲಿನಲ್ಲಿ ಸೇರಿಸಿ ಹೇಳುವ ಪದ್ಧತಿ ಅದು. ಉಡುಪಿಯ ನಮಗೆ ಅದು ಗೊತ್ತಿಲ್ಲ. ವಹಿನಿ ಮೊದಲು ಅಮ್ಮನ ಕಡೆ ತಿರುಗಿದಳು. ಅಮ್ಮ 'ನಂತರ್, ನಂತರ್' ಎಂದು ಚಹಾ ನೋಡುವ ನೆಪದಲ್ಲಿ ಅಡುಗೆಮನೆಗೆ ಓಡಿದಳು. ಆದರೆ ವಿಜಯಪುರದ ಕಡೆಯವರಿಗೆ ಇದು ಹೊಸದಲ್ಲ. ಅವರಲ್ಲೂ ಮದುವೆ, ಸೀಮಂತ, ಎಲ್ಲಿ ನಾಲ್ಕು ಹೆಂಗಸರು ಕೂಡಿದರೂ ಒಡಪು ಹಾಕಿ ಹೆಸರು ಹೇಳಲೇಬೇಕು. ಮತ್ತು ಒಡಪಿನಲ್ಲಿ ಏನು ಹೇಳಿದರೂ ಅಲ್ಲಿಗೆ ಅದು ಮಾಫಿ. ಅತ್ತೆಯನ್ನು ಬೈದರೂ ಅತ್ತೆ ನಗಬೇಕು. ಕಾಶಿ ಅಡುಗೆಮನೆಯ ಕಡೆ ಒಮ್ಮೆ ನೋಡಿದಳು. ಅಲ್ಲಿ ಬಾಗಿಲ ಸಂದಿಯಲ್ಲಿ ಶಾಂತವ್ವ ಹೂಂ ಎಂದು ತಲೆಯಾಡಿಸಿದ್ದು ನನಗೂ ಕಂಡಿತು. ಕಾಶಿ ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಶುರು ಮಾಡಿದಳು:

"ಸೊಪ್ಪು ತೊಳ್ಯಾಕ ನಿಂತೇನಿ, ಮೊಣಕಾಲ ಮಟ ನೀರು,
ಮಲ್ಲಪ್ಪನ ಹೆಣ್ತಿ ಬೂಟು ಕೇಳಿದ್ರ ಬ್ಯಾಡನ್ನವರು ಯಾರು?"

ಕನ್ನಡ ಬಲ್ಲವರೆಲ್ಲ ಕಿಸಕ್ಕೆಂದು ನಕ್ಕು ತಕ್ಷಣ ಬಾಯಿ ಮುಚ್ಚಿಕೊಂಡರು. ವಹಿನಿಗೆ ಕನ್ನಡ ಬಾರದು. ಅವಳು ನನ್ನ ಜಡೆ ಹಿಡಿದು ಹತ್ತಿರ ಎಳೆದಳು, ಗಂಡ ಹೆಂಡತಿ ಇಬ್ಬರಿಗೂ ಅದೇ ಚಾಳಿ.

"ಕಾಯ್ ಮ್ಹಣಾಲೀ ಗ? ಸಾಂಗ್ ನಾ!"

ಏನೆಂದಳು ಹೇಳು. ಅಡುಗೆಮನೆಯಿಂದ ಅಮ್ಮ ಬೇಡ ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದಳು. ಮಲ್ಲಪ್ಪ ಬಂಗಾರದಂಥ ಗಂಡ ಎಂದಿದ್ದಾಳೆ ಅಂತ ಸುಳ್ಳು ಹೇಳುವುದು ಸುಲಭವಿತ್ತು. ಆದರೆ ಅಷ್ಟು ಚೆಂದದ ಸಾಲನ್ನು ಕೆಡಿಸುವುದಕ್ಕೆ ನನಗೆ ಮನಸ್ಸೇ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ, ನೀರು, ಮೊಣಕಾಲು, ಬೂಟು ಸಮೇತ ಮರಾಠಿಯಲ್ಲಿ ಹೇಳಿದೆ. ಇವತ್ತು ಕೋರ್ಟು ಕಚೇರಿಗಳಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೇಳಿ ಹೊಟ್ಟೆ ಹೊರೆಯುವವಳು ನಾನು. ಆ ಕಸುಬಿನ ಮೊದಲ ದಿನ ಅದೇ, ಸಂಬಳ ಒಂದು ಎಳ್ಳುಂಡೆ. ವಹಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಂಡನ ಹೆಸರಿನ ಜೊತೆ ಗಮ್‌ಬೂಟು ಬಂದದ್ದನ್ನು ಅವಳು ಯಾವ ಉಖಾಣೆಯಲ್ಲೂ ಕೇಳಿರಲಿಲ್ಲವಂತೆ. ನಗು ಕಂಡು ಉಳಿದವರಿಗೂ ಧೈರ್ಯ ಬಂತು. ಪಕ್ಕದವಳು ಎದ್ದಳು:

"ಬೆಳ್ಳಿ ಬಟ್ಟಲದಾಗ ಎಳ್ಳು ಬೆಲ್ಲ, ಕೊಡೋ ಕೈ ದೊಡ್ಡದು,
ಬಸವರಾಜರ ಹೆಸರು ಹೇಳತೀನಿ, ಕೂಲಿ ಮಾತ್ರ ಸಣ್ಣದು."

ನಾನು ಹೇಳಿದೆ. ವಹಿನಿ ನಕ್ಕಳು, ಆದರೆ ಮೊದಲಿನಷ್ಟಲ್ಲ. ಮೂರನೆಯವಳ ತೊಡೆಯ ಮೇಲೆ ಕೂಸು ಮಲಗಿತ್ತು. ಅವಳು ಏಳಲಿಲ್ಲ, ಕೂತಲ್ಲೇ, ಕೂಸಿನ ತಲೆ ಸವರುತ್ತ ಹೇಳಿದಳು:

"ಈರಪ್ಪನ ಕೂಸು ಬಿಸಿಲಾಗ ಮಲಗೈತಿ, ನೆರಳಿಲ್ಲ,
ಎಲಿ ಬಾಡಿದ್ರ ನೀರು ಹೊಡೀತಾರ, ಕೂಸಿನ್ನ ಕೇಳೋರಿಲ್ಲ."

ಇದನ್ನೂ ಮರಾಠಿಗೆ ತಂದೆ. ವಹಿನಿಯ ನಗು ಪೂರ್ತಿ ನಿಂತುಹೋಯಿತು. ಅವಳು ಪೆದ್ದಿಯಲ್ಲ. ಕೋಣೆಯಲ್ಲಿ ಏನು ನಡೆಯುತ್ತಿದೆಯೆಂದು ಅವಳಿಗೆ ಈಗ ಹೊಳೆದಿತ್ತು. ಯಾರು ಇದನ್ನೆಲ್ಲ ಕಲಿಸಿದವರು ಎಂದು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕೇಳಿದಳು. ಅತ್ತ ದರಿ ಇತ್ತ ಪುಲಿ ಎಂಬ ಗಾದೆಯನ್ನು ನಾನು ಆಮೇಲೆ ಪುಸ್ತಕದಲ್ಲಿ ಓದಿದೆ, ನೋಡಿದ್ದು ಅವತ್ತು, ಅಮ್ಮನ ಮುಖದಲ್ಲಿ. ಆಗ ಎಳ್ಳುಂಡೆಯ ತಟ್ಟೆ ಹಿಡಿದುಕೊಂಡು ಶಾಂತವ್ವ ಅಡುಗೆಮನೆಯಿಂದ ಹೊರಗೆ ಬಂದಳು. ಮುತ್ತೈದೆಯರ ನಡುವೆ ನೆಟ್ಟಗೆ ನಿಂತಳು.

"ಇದು ಅಕ್ಕಾರ ತಪ್ಪಲ್ಲರಿ ವಹಿನಿ. ಎಲ್ಲಾ ನಂದ. ನನ್ನ ಒಡಪೂ ಒಂದ ಐತಿ, ಕೇಳ್ರಿ:
ಹಣಿ ಮ್ಯಾಗ ಕುಂಕುಮಿಲ್ಲ, ಕೈಯಾಗ ಕುಡಗೋಲೈತಿ,
ಗಂಡನ ಹೆಸರು ಹೋದ್ರ ಹೋಗಲಿ, ಶಾಂತವ್ವ ಅನ್ನೂದು ನಂದೈತಿ."

ಒಡಪಿನಲ್ಲಿ ತನ್ನ ಹೆಸರನ್ನೇ ಹೇಳಿಕೊಂಡವಳನ್ನು ನಾನು ಅವತ್ತು ಮೊದಲು ನೋಡಿದ್ದು, ಆಮೇಲೂ ನೋಡಿಲ್ಲ. ನಾನು ಮರಾಠಿಯಲ್ಲಿ ಹೇಳಿ ಮುಗಿಸಿದೆ. ವಹಿನಿ ಬಗ್ಗಿ ಶಾಂತವ್ವನ ಪಾದಗಳನ್ನು ನೋಡಿದಳು. ಆಮೇಲೆ ಯಾರನ್ನೂ ಉದ್ದೇಶಿಸದೆ ಹೇಳಿದಳು: ಈ ಜಾಗಕ್ಕೆ ಬೆಲೆ ಬರುವ ಮೊದಲು, ತಾನು ಹೊಸ ಸೊಸೆಯಾಗಿದ್ದಾಗ, ಇದೇ ಹೊಲದಲ್ಲಿ ಅತ್ತೆಯ ಜೊತೆ ಭತ್ತ ನಾಟಿ ಮಾಡಿದ್ದೆ, ಕಾಲು ಹೀಗೇ ಆಗುತ್ತಿತ್ತು, ಅತ್ತೆ ರಾತ್ರಿ ಎಣ್ಣೆ ಬಿಸಿ ಮಾಡಿ ಹಚ್ಚುತ್ತಿದ್ದಳು. ಎದ್ದು ನಿಂತು, ಅಮ್ಮನ ಕೈಯಿಂದ ಅರಿಸಿನ ಕುಂಕುಮದ ತಟ್ಟೆ ತೆಗೆದುಕೊಂಡು ಶಾಂತವ್ವನ ಕೆನ್ನೆಗೆ ಅರಿಸಿನ ಹಚ್ಚಿದಳು. ಕುಂಕುಮಕ್ಕೆ ಬೆರಳು ಹೋಗಿ ಒಂದು ಗಳಿಗೆ ತಡೆಯಿತು, ಆಮೇಲೆ ಅದನ್ನೂ ಹಚ್ಚಿದಳು. ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದವಳು 'ಇನ್ನು ನನ್ನ ಮಂಚ ನನಗೆ ಬಿಡಿ' ಎಂದು ಬಂದು ಮುತ್ತೈದೆಯರ ನಡುವೆಯೇ ಕೂತಳು. ವಹಿನಿ ಹೋಗುವ ಮೊದಲು ತನ್ನ ಸಾಲನ್ನೂ ಹೇಳಿದಳು, ಅದು ನನಗೆ ಇನ್ನೂ ಬಾಯಿಪಾಠ:

"ಹಳದೀಚ್ಯಾ ತಾಟಾತ್ ಕುಂಕವಾಚೀ ವಾಟೀ,
ಬಬನ್‌ರಾವಾಂಶೀ ಬೋಲೀನ್ ಮೀ ಯಾ ಬಾಯಾಂಸಾಠೀ."

ಈ ಹೆಂಗಸರಿಗಾಗಿ ಬಬನ್‌ರಾಯರ ಹತ್ತಿರ ನಾನು ಮಾತಾಡುತ್ತೇನೆ ಎಂದು. ಮಾತಾಡಿದಳು ಕೂಡ. ಏನು ಮಾತಾಡಿದಳು, ಎಷ್ಟು ಪಾತ್ರೆ ಕುಕ್ಕಿದಳು ನಮಗೆ ತಿಳಿಯದು. ವಹಿನಿ ಹೋದ ಮೇಲೆ ಅದೇ ಕೋಣೆಯಲ್ಲಿ ಕೂತು ನಿಶ್ಚಯಿಸಿದ್ದ ಹಾಗೆ, ಮರುದಿನ ಬೆಳಿಗ್ಗೆ ಹೆಂಗಸರು ಯಾರೂ ಹೊಲಕ್ಕೆ ಇಳಿಯಲಿಲ್ಲ. ಕುಡಗೋಲು ಹಿಡಿದು ನಮ್ಮ ಶಟರಿನ ಮುಂದೆ, ರಸ್ತೆಯ ಅಂಚಿನಲ್ಲಿ ಒಟ್ಟಾಗಿ ನಿಂತರು. ಟೆಂಪೋ ಖಾಲಿ ನಿಂತು ಹಾರ್ನ್ ಹೊಡೆಯುತ್ತಿತ್ತು. ಬಬನ್‌ಶೇಟ್ ಬಂದ, ಮೊದಲ ಮೇಜಿನಲ್ಲಿ ಕೂರದೆ ನೇರ ಗಲ್ಲಾದ ಎದುರು ನಿಂತ. ಕಣ್ಣು ಕೆಂಪಗಿತ್ತು, ನಿದ್ದೆಯಿಲ್ಲದ್ದಕ್ಕೋ ಸಿಟ್ಟಿಗೋ. ಹೋಟೆಲು ತುಂಬ ಜನ: ರೈಲ್ವೆಯವರು, ಉಲ್ಹಾಸನಗರದ ವರ್ಕ್‌ಶಾಪಿನವರು. ಎಲ್ಲರ ಇಡ್ಲಿ ಬಾಯಿಗೂ ತಟ್ಟೆಗೂ ನಡುವೆ ನಿಂತಿತು.

"ರಾಘೂ, ತೇರೇ ಘರ್ ಮೇ ಹಳದಿ-ಕುಂಕು ಥಾ ಕಿ ಮೋರ್ಚಾ? ರಾತ್ ಭರ್ ಮೇರೀ ಬಾಯ್ಕೋ ಮೇರಾ ಸರ್ ಖಾಯೀ. ಠೀಕ್ ಹೈ. ಬೂಟ್ ದೂಂಗಾ. ಪಗಾರ್ ಭೀ ಬಢಾವೂಂಗಾ. ಸಬ್ ಕೇ ಸಾಮ್ನೇ ಬೋಲ್ತಾ ಹೂಂ, ಮೇರೀ ಜಬಾನ್ ಹೈ. ಲೇಕಿನ್ ಜಿಸ್ ನೇ ಯೇ ಶುರೂ ಕಿಯಾ, ವೋ ಔರತ್ ಮೇರೇ ಖೇತ್ ಮೇ ಕಾಮ್ ನಹೀಂ ಕರೇಗೀ. ಉಸ್ ಕಾ ನಾಮ್ ಬೋಲ್."

ನಿನ್ನ ಮನೆಯಲ್ಲಿ ಇದ್ದದ್ದು ಹಳದಿ-ಕುಂಕೋ ಮೋರ್ಚಾವೋ, ರಾತ್ರಿಯಿಡೀ ಹೆಂಡತಿ ತಲೆ ತಿಂದಳು; ಬೂಟು ಕೊಡುತ್ತೇನೆ, ಕೂಲಿ ಏರಿಸುತ್ತೇನೆ, ಇದು ಎಲ್ಲರ ಮುಂದೆ ಕೊಟ್ಟ ಮಾತು, ಆದರೆ ಶುರುಮಾಡಿದವಳು ಹೊಲದಿಂದ ಹೊರಗೆ, ಅವಳ ಹೆಸರು ಹೇಳು. ವಹಿನಿ ಎಲ್ಲವನ್ನೂ ಹೇಳಿ, ಅದೊಂದು ಹೆಸರನ್ನು ಮಾತ್ರ ಹೇಳಿರಲಿಲ್ಲ. ಅಪ್ಪ ಗಲ್ಲಾದ ಹಿಂದೆ ಚಿಲ್ಲರೆ ಡಬ್ಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ. ನನಗೆ ಅವನ ಮುಖ ನೋಡಲು ಭಯವಾಯಿತು. ಜೀವಮಾನವಿಡೀ ಎದುರಿಗೆ ನಿಂತವರಿಗೆ ಹೌದು ಎಂದು ಬದುಕಿದ ಮನುಷ್ಯ. ಹೇಳಿದರೆ ಶಾಂತವ್ವ ಹೋಗುತ್ತಾಳೆ, ಹೇಳದಿದ್ದರೆ ಹೋಟೆಲು ಹೋಗುತ್ತದೆ. ಹೊರಗೆ ಶಾಂತವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು, ತಾನೇ ಹೇಳಿಬಿಡಲು. ಅವಳು ಬಾಯಿ ತೆರೆಯುವ ಮೊದಲು ಅಪ್ಪ ಎದ್ದು ನಿಂತ.

"ಸರೋಜಿನಿ," ಎಂದ.

ಸ್ಪಷ್ಟವಾಗಿ, ಹೋಟೆಲಿಗೆಲ್ಲ ಕೇಳುವ ಹಾಗೆ. ಬಬನ್‌ಶೇಟ್ ರಸ್ತೆಯ ಕಡೆ ತಿರುಗಿ ಹೆಂಗಸರ ಸಾಲಿನಲ್ಲಿ ಸರೋಜಿನಿಯನ್ನು ಹುಡುಕಿದ.

"ಕೌನ್ ಸರೋಜಿನಿ?"

"ಮೇರೀ ಬಾಯ್ಕೋ. ಉಸೀ ನೇ ಬುಲಾಯಾ ಸಬ್ ಕೋ. ಚಾಹೋ ತೋ ಉಸ್ ಕೋ ಕಾಮ್ ಸೇ ನಿಕಾಲ್ ದೋ, ಶೇಟ್."

ನನ್ನ ಹೆಂಡತಿಯೇ ಎಲ್ಲರನ್ನೂ ಕರೆದವಳು, ಬೇಕಾದರೆ ಅವಳನ್ನು ಕೆಲಸದಿಂದ ತೆಗೆಯಿರಿ ಎಂದ. ಮೂಲೆಯ ಮೇಜಿನಲ್ಲಿ ರೈಲ್ವೆಯ ಒಬ್ಬ ಮುದುಕ ಮೊದಲು ನಕ್ಕದ್ದು. ಆಮೇಲೆ ವರ್ಕ್‌ಶಾಪಿನವರು, ಆಮೇಲೆ ಇಡೀ ಹೋಟೆಲು, ಆಮೇಲೆ ಯಾಕೆ ನಗುತ್ತಿದ್ದಾರೆಂದು ಕೇಳಿ ತಿಳಿದುಕೊಂಡ ಕಾಶಿ, ಅವಳ ನಗು ಸ್ಟೇಶನ್ನಿನವರೆಗೆ ಹೋಗಿರಬೇಕು. ಬಬನ್‌ಶೇಟ್ ಅಪ್ಪನನ್ನು ನೋಡಿದ, ಹೊರಗಿನವರನ್ನು ನೋಡಿದ, ಎಲ್ಲರ ಮುಂದೆ ಕೊಟ್ಟ ತನ್ನದೇ ಮಾತು ಕೊರಳಿಗೆ ಸುತ್ತಿಕೊಂಡದ್ದನ್ನು ಬಿಡಿಸಿಕೊಳ್ಳಲಾರದೆ ಧೊಪ್ಪನೆ ಮೊದಲ ಮೇಜಿನಲ್ಲಿ ಕೂತ.

"ತಿಲಾ ಕಸಂ ಕಾಢೂ? ತೀ ಮಾಝ್ಯಾಕಡೇ ಕಾಮಾಲಾಚ್ ನಾಹೀ!"

ಅವಳನ್ನು ತೆಗೆಯುವುದು ಹೇಗೆ, ಅವಳು ನನ್ನಲ್ಲಿ ಕೆಲಸಕ್ಕೇ ಇಲ್ಲವಲ್ಲ, ಎಂದು ಗೊಣಗಿ ಚಹಾ ತರಲು ಹೇಳಿದ. ಬೂಟುಗಳು ಬಂದವು, ಎಲ್ಲ ಒಂದೇ ಅಳತೆಯವು, ಕಾಶಿಯ ಎರಡೂ ಕಾಲು ಒಂದರಲ್ಲೇ ಹಿಡಿಸುವಷ್ಟು ದೊಡ್ಡವು. ಕೂಲಿ ಏರಿತು, ಕೇಳಿದಷ್ಟಲ್ಲ. ಕೂಸುಗಳಿಗೆ ತಾಡಪಾಲಿನ ನೆರಳು ಬರಲು ಇನ್ನೊಂದು ಸಲ ಕೆಲಸ ನಿಲ್ಲಿಸಬೇಕಾಯಿತು, ಆದರೆ ಈ ಸಲ ಮೀಟಿಂಗಿಗೆ ಹಬ್ಬದ ನೆಪ ಬೇಕಾಗಲಿಲ್ಲ. ನಮ್ಮ ಬಾಡಿಗೆಯನ್ನೂ ಅವನು ಏರಿಸಿದ, ಬಿಡುತ್ತಾನೆಯೇ. ಹೋಟೆಲು ಮಾತ್ರ ಉಳಿಯಿತು. ಶಾಂತವ್ವ ಆ ಹೊಲ ಕಟ್ಟಡವಾಗುವವರೆಗೂ ಅಲ್ಲೇ ದುಡಿದಳು.

ಇದೆಲ್ಲ ಆಮೇಲಿನ ಮಾತು. ಆ ಬೆಳಿಗ್ಗೆ, ಇನ್ನೂ ನಗು ಅಡಗುವ ಮೊದಲೇ, ಒಳಗಿನ ಪರದೆ ಸರಿಯಿತು. ಅಪ್ಪನ ಬಾಯಲ್ಲಿ ಅಮ್ಮನ ಹೆಸರನ್ನು ನಾನು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಅಮ್ಮನೂ ಕೇಳಿರಲಿಲ್ಲವೆಂದು ಅವಳ ಮುಖವೇ ಹೇಳುತ್ತಿತ್ತು. ದೋಸೆಯ ಸಟ್ಟುಗ ಕೈಯಲ್ಲೇ ಇತ್ತು. ಅಷ್ಟು ಗಂಡಸರ ಮುಂದೆ ಎಂದೂ ಬಾರದವಳು ಗಲ್ಲಾದವರೆಗೆ ಬಂದು ನಿಂತಳು, ಅಜ್ಜಿಯ ಮಂಚದ ಮೂಲಕ ಅಲ್ಲ, ನೇರವಾಗಿ ಕೇಳಿದಳು:

"ಎಂತ? ನನ್ನನ್ನು ಕರೆದ್ರಾ?"

ಅಪ್ಪನ ಕಿವಿ ಕೆಂಪಾಯಿತು.

"ಹೌದು," ಎಂದ. "ಇಲ್ಲಿ ಬಾ. ನನ್ನ ಹತ್ತಿರ ನಿಲ್ಲು."